ಕೆಸರುಗಣ್ಣಿನ ಬೇರಿಗಂಟಿದ ಮಣ್ಣು

ನನ್ನ ಕೆಲಸ ಸತ್ತ ಗಿಡಗಳನ್ನು ಹಾಳೆಗೆ ಅಂಟಿಸುವುದು. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ "ಅದಕ್ಕೂ ಒಬ್ಬರನ್ನ ಇಟ್ಟಿದಾರಾ?" ಎನ್ನುತ್ತಾರೆ. ಇಟ್ಟಿದ್ದಾರೆ. ಇಪ್ಪತ್ತಾರು ವರ್ಷದಿಂದ ಆ ಒಬ್ಬರು ನಾನೇ. ಎಲ್ಲೆಲ್ಲಿಂದಲೋ ಕಿತ್ತು, ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡಗಳು ನಮ್ಮ ಸಸ್ಯ ಸಂಗ್ರಹಾಲಯಕ್ಕೆ ಬರುತ್ತವೆ. ಅವನ್ನು ಎಲೆ ಮುರಿಯದಂತೆ, ಹೂ ಉದುರದಂತೆ ದಪ್ಪ ಬಿಳಿ ಹಾಳೆಗೆ ಅಂಟಿಸಿ, ಕಾಂಡಕ್ಕೆ ಎರಡು ಕಡೆ ದಾರದ ಹೊಲಿಗೆ ಹಾಕಿ, ಮೂಲೆಯಲ್ಲಿ ಚೀಟಿ ಹಚ್ಚಿ ಕಪಾಟಿಗೆ ಸೇರಿಸಬೇಕು. ಕಚೇರಿಯಲ್ಲಿ ಎಲ್ಲರಿಗೂ ನಾನು ಅಂಟಕ್ಕ.

ಅಚ್ಚುಕಟ್ಟುತನದಲ್ಲಿ ನಾನು ಎತ್ತಿದ ಕೈ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ! ನನ್ನ ಹಾಳೆಯಲ್ಲಿ ಒಂದು ಕಲೆ ಇರುವುದಿಲ್ಲ. ಬೇರಿಗೆ ಮಣ್ಣು ಮೆತ್ತಿಕೊಂಡು ಬಂದ ಗಿಡವನ್ನು ಬೆಚ್ಚಗಿನ ನೀರಿಗೆ ಇಳಿಬಿಟ್ಟು, ಮೆತ್ತನೆ ಕುಂಚದಿಂದ ಎಳೆ ಎಳೆ ಬಿಡಿಸಿ ತೊಳೆದು, ಮತ್ತೆ ಒಣಗಿಸಿ ಅಂಟಿಸುತ್ತೇನೆ. ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂತಿದ್ದ ಮುದುಕರು ಹಾಗಲ್ಲ. ಅವರ ಹಾಳೆಗಳಲ್ಲಿ ಮಣ್ಣಿನ ಹೆಂಟೆ, ಬೆರಳಿನ ಗುರುತು, ಒಂದೊಂದರಲ್ಲಿ ಸತ್ತ ಇರುವೆಯೂ ಉಂಟು. ನಾನು ಅವರಿಗೆ ಮಣ್ಣಜ್ಜ ಎಂದು ಹೆಸರಿಟ್ಟಿದ್ದೆ. ಬಿಡುವು ಸಿಕ್ಕಾಗಲೆಲ್ಲ ಅವರ ಹಾಳೆಗಳನ್ನು ಕೆಳಗಿಳಿಸಿ, ಗಿಡ ಬಿಡಿಸಿ, ತೊಳೆದು, ಹೊಸ ಹಾಳೆಗೆ ಏರಿಸುವುದು ನನ್ನ ಸ್ವಂತ ಉಮೇದಿನ ಕೆಲಸವಾಗಿತ್ತು. ಹಾಗೆ ಆರೇಳು ನೂರು ಹಾಳೆಗಳನ್ನು ಉದ್ಧಾರ ಮಾಡಿದ್ದೆ. ಉಳಿದವು "ತೊಳೆಯಬೇಕಾದವು" ಎಂದು ಬರೆದ ರಟ್ಟಿನ ಡಬ್ಬಿಯಲ್ಲಿ ನನ್ನ ಮೇಜಿನ ಕೆಳಗೆ ಸರದಿ ಕಾಯುತ್ತಿದ್ದವು.

ನನ್ನ ತಂಗಿಯ ಕೆಲಸ ಇದಕ್ಕೆ ತದ್ವಿರುದ್ಧ. ಅವಳು ಬದುಕಿರುವ ಹೂವಿನ ಕಾವಲುಗಾರ್ತಿ. ಊರಿನ ಅಂಚಿನಲ್ಲಿ, ಬಸ್ ಡಿಪೋ ಗೋಡೆಯ ಆಚೆ, ಒಂದು ಜೌಗು ನೆಲವಿದೆ. ಅಲ್ಲಿ ಕೆಸರುಗಣ್ಣು ಎಂಬ ಹೂ ಬಿಡುತ್ತದೆ. ಕಿರುಬೆರಳ ಉಗುರಿನಷ್ಟಿನ ನೀಲಿ ಹೂ, ನಡುವೆ ಒಂದು ಹಳದಿ ಚುಕ್ಕೆ. ಬೆಳಿಗ್ಗೆ ಬಿಸಿಲು ನೆಲ ಮುಟ್ಟಿದ ಮೇಲೆ ಅರಳಿ, ಮಧ್ಯಾಹ್ನದ ಊಟದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನಮಗೆ ತಿಳಿದ ಮಟ್ಟಿಗೆ ಇದು ಉಳಿದಿರುವುದು ಆ ಒಂದೇ ಜಾಗದಲ್ಲಿ. ಹೂ ಇರುವ ತನಕ ಜೌಗಿಗೆ ಬೇಲಿ, ಬೇಲಿಗೆ ಕಾವಲು. ಹೂ ಹೋಯಿತೆಂದರೆ ಡಿಪೋದವರು ಮಣ್ಣು ತುಂಬಿಸಲು ಕಾದು ಕೂತಿದ್ದಾರೆ.

ಹೂ ಹೋಗುತ್ತಲೇ ಇತ್ತು. ತಂಗಿ ಕಾವಲಿಗೆ ಸೇರಿದ ವರ್ಷ ನೂರ ನಲವತ್ತು ಗಿಡ ಎಣಿಸಿದ್ದಳು. ಆಮೇಲೆ ತೊಂಬತ್ತು, ನಲವತ್ತೆಂಟು, ಹದಿನೇಳು. ಹನ್ನೊಂದನೇ ವರ್ಷಕ್ಕೆ ಮೂರು. ಅವಳ ಕಾವಲಿನಲ್ಲಿ ಕುಂದು ಹುಡುಕುವಂತಿರಲಿಲ್ಲ. ಬರಿಗಾಲಲ್ಲಿ ನಡೆಯುತ್ತಿದ್ದಳು, ಗಿಡದಿಂದ ಗಿಡಕ್ಕೆ ಹಲಗೆ ಹಾಸಿಕೊಂಡು ಹೋಗುತ್ತಿದ್ದಳು, ನೀರಿನ ಮಟ್ಟವನ್ನು ಕೋಲು ನೆಟ್ಟು ದಿನವೂ ಬರೆದಿಡುತ್ತಿದ್ದಳು. ನೀರು ಪರೀಕ್ಷೆ ಮಾಡಿಸಿದರು, ಸರಿ ಇತ್ತು. ಜೇನ್ನೊಣ ಬರುತ್ತವೆಯೇ ನೋಡಿದರು, ಬರುತ್ತಿದ್ದವು. ಮತ್ತೇಕೆ ಸಾಯುತ್ತಿದೆ? ನಮ್ಮ ಸಂಗ್ರಹಾಲಯದ ಸಸ್ಯವಿಜ್ಞಾನಿ ಡಾಕ್ಟರ್ ಮೇಡಂ ಸಹ ಕೈಚೆಲ್ಲಿದ್ದರು.

"ಇನ್ನು ಹದಿನೈದು ದಿನ ನೋಡೋಣ. ಆಮೇಲೆ ಮೂರನ್ನೂ ಬೇರುಸಹಿತ ಎತ್ತಿ ಗಾಜಿನ ಮನೇಲಿ ಕುಂಡಕ್ಕೆ ಹಾಕಿಬಿಡ್ತೀನಿ" ಎಂದರು ಮೇಡಂ.

ಕುಂಡಕ್ಕೆ ಹಾಕುವುದೆಂದರೇನು ಎಂಬುದು ನಮಗೆಲ್ಲ ಗೊತ್ತಿತ್ತು. ಹಿಂದೆ ಎರಡು ಸಲ ಹಾಕಿದ್ದರು. ಎರಡು ಸಲವೂ ಒಂದು ತಿಂಗಳಿಗೆ ಗಿಡಗಳು ನನ್ನ ಮೇಜಿಗೆ ಬಂದಿದ್ದವು, ಅಂಟಿಸಲು.

ಅವತ್ತು ಸಂಜೆ ತಂಗಿ ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತೇ ಇದ್ದಳು. ನಾವಿಬ್ಬರೂ ಇರುವುದು ಕಬ್ಬಿಣದಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಕೆಳಗೆ ಸರಳು ಕತ್ತರಿಸುವ ಸದ್ದು ನಿಂತ ಮೇಲೆ ಅವಳು ಬಾಯಿ ಬಿಟ್ಟಳು.

"ಅಕ್ಕಾ, ನಿನ್ನ ಕಪಾಟಲ್ಲಿ ಹಳೇ ಕೆಸರುಗಣ್ಣು ಇವೆ ಅಲ್ವಾ? ಅದು ಚೆನ್ನಾಗಿದ್ದ ಕಾಲದಲ್ಲಿ ಕಿತ್ತವು?"

"ಹತ್ತೊಂಬತ್ತು ಹಾಳೆ ಇವೆ. ಯಾಕೆ?"

"ಆವಾಗ ಏನಿತ್ತು, ಈವಾಗ ಏನಿಲ್ಲ ಅಂತ ನೋಡು. ನಂಗಂತೂ ಏನೂ ತೋಚ್ತಾ ಇಲ್ಲ. ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದೆ ಕಣೇ. ನಾನು ಕಾದಷ್ಟೂ ಅವು ಸತ್ತವು."

ಅವಳು ಅಳಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಹತ್ತೊಂಬತ್ತನ್ನೂ ಹೊರಗೆ ತೆಗೆದೆ. ಹದಿನೆಂಟು ಹಾಳೆಗಳು ನನ್ನವೇ, ಅಂದರೆ ನಾನು ತೊಳೆದು ಹೊಸದಾಗಿ ಏರಿಸಿದವು. ಎಷ್ಟು ಚೆಂದವೆಂದರೆ, ಬೇರಿನ ಒಂದೊಂದು ಎಳೆಯನ್ನೂ ಎಣಿಸಬಹುದು. ಚೀಟಿಗಳಲ್ಲಿ ತಿಂಗಳು, ವರ್ಷ, "ಜೌಗಿನಲ್ಲಿ" ಎಂಬ ಒಂದು ಮಾತು. ಜೌಗಿನಲ್ಲದೆ ಇನ್ನೇನು, ಮಾಳಿಗೆಯ ಮೇಲೆ ಬೆಳೆಯುತ್ತದೆಯೇ? ಎರಡು ಗಂಟೆ ಹೊತ್ತು ಭೂತಗನ್ನಡಿ ಹಿಡಿದು ಆ ಹದಿನೆಂಟನ್ನು ಜಾಲಾಡಿದೆ. ಚೆಂದವೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

ಹತ್ತೊಂಬತ್ತನೆಯದು ಮೇಜಿನ ಕೆಳಗಿನ ಡಬ್ಬಿಯಲ್ಲಿತ್ತು. ಮಣ್ಣಜ್ಜನ ಕೈಕೆಲಸ. ಹಾಳೆ ಹಳದಿಯಾಗಿತ್ತು, ಬೇರಿನ ಸುತ್ತ ಅಡಿಕೆ ಗಾತ್ರದ ಕರಿಮಣ್ಣಿನ ಹೆಂಟೆ. ಬೇರೇ ಕಾಣದಿದ್ದರೆ ನೋಡುವುದೇನನ್ನು? ಬಟ್ಟಲಿಗೆ ಬೆಚ್ಚಗಿನ ನೀರು ಹಾಕಿದೆ, ಕುಂಚ ತೆಗೆದೆ, ಗಿಡ ಬಿಡಿಸಲು ಹೊಲಿಗೆಯ ದಾರ ಕತ್ತರಿಸಿದೆ. ಇಪ್ಪತ್ತಾರು ವರ್ಷದ ಅಭ್ಯಾಸವಲ್ಲವೇ, ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಹೆಂಟೆ ನೀರು ಮುಟ್ಟಲು ಒಂದು ಅಂಗುಲ ಬಾಕಿ ಇದ್ದಾಗ ಅದರಿಂದ ಏನೋ ಚಾಚಿಕೊಂಡಿರುವುದು ಕಾಣಿಸಿತು. ಬೇರಲ್ಲ. ನೆಟ್ಟಗೆ, ಕಪ್ಪಗೆ, ದಪ್ಪಗೆ ಒಂದು ಕೂದಲು.

ಮಣ್ಣಜ್ಜನ ಮೀಸೆಯದೇ ಇರಬೇಕು ಎಂದು ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಮೀಸೆ ಉದುರಿದರೆ ಮಣ್ಣಿನ ಮೇಲೆ ಬೀಳುತ್ತದೆ, ಹೆಂಟೆಯ ಒಳಗಿನಿಂದ ಹೊರಗೆ ಬರುವುದಿಲ್ಲ. ಚಿಮಟದಿಂದ ತುಸು ಬಿಡಿಸಿದೆ. ಇನ್ನೂ ಎರಡು ಸಿಕ್ಕವು, ಮಣ್ಣಿನ ಜೊತೆ ಕಲಸಿದಂತೆ. ಹೆಂಟೆಯ ಒಂದು ಮಗ್ಗುಲು ಕಮಾನಿನಂತೆ ಬಾಗಿ ನುಣ್ಣಗಿತ್ತು, ಯಾರೋ ಗಟ್ಟಿಯಾಗಿ ಒತ್ತಿದ ಹಾಗೆ. ಕುಂಚವನ್ನು ಕೆಳಗಿಟ್ಟು ಬಟ್ಟಲಿನ ನೀರನ್ನು ಕಿಟಕಿಯಾಚೆ ಚೆಲ್ಲಿದೆ.

ಯಾರ ಕೂದಲು? ಈಗ ನನಗೆ ಹುಚ್ಚು ಹಿಡಿಯಿತು. ನನ್ನ ಜಡೆಯಿಂದ ಒಂದು ಎಳೆ ಕಿತ್ತು ಸೂಕ್ಷ್ಮದರ್ಶಕದ ಕೆಳಗೆ ಪಕ್ಕಕ್ಕೆ ಇಟ್ಟೆ. ರೇಷ್ಮೆಯಂತೆ ತೆಳು, ಹೋಲಿಕೆಯೇ ಇಲ್ಲ. ಕುಂಚದ ಕೂದಲು ನೋಡಿದೆ, ಅಲ್ಲ. ನಮ್ಮ ಕಚೇರಿಯ ಬಾಗಿಲು ಕಾಯುವವನ ನಾಯಿಯ ಬೆನ್ನಿನಿಂದ ಎರಡು ತಂದೆ, ನಾಯಿ ಗುರ್ ಎಂದಿತು, ಅದೂ ಅಲ್ಲ. ಬಾಗಿಲು ಕಾಯುವವನ ಮೀಸೆಯ ಮೇಲೆ ನನ್ನ ಕಣ್ಣು ಬಿದ್ದಿದ್ದು ಅವನಿಗೆ ಗೊತ್ತಾಗಿ, "ಅಂಟಕ್ಕಾ, ಹುಷಾರಾಗಿದೀರಾ?" ಎಂದು ಕೇಳಿದ. ಆ ಹೊತ್ತಿಗೆ ಮನಸ್ಸಿನ ಒಂದು ಮೂಲೆಯಲ್ಲಿ ಉತ್ತರ ಹೊಳೆದುಬಿಟ್ಟಿತ್ತು. ಒಪ್ಪಿಕೊಳ್ಳಲು ಧೈರ್ಯವಿಲ್ಲದೆ ನಾಯಿ, ಮೀಸೆ ಎಂದು ಅಲೆಯುತ್ತಿದ್ದೆ.

ಯಾಕೆಂದರೆ ಹನ್ನೊಂದು ವರ್ಷದ ಹಿಂದೆ ಆ ಜೌಗಿನಲ್ಲಿ ಎಮ್ಮೆಗಳಿದ್ದವು. ಪಕ್ಕದ ಓಣಿಯ ಹಾಲಿನಮ್ಮನ ಹದಿನಾಲ್ಕು ಎಮ್ಮೆಗಳು ದಿನವೂ ಅಲ್ಲಿ ಮೇಯುತ್ತಿದ್ದವು, ಹೊರಳಾಡುತ್ತಿದ್ದವು. ಅಪರೂಪದ ಹೂವನ್ನು ತುಳಿದು ನಾಶ ಮಾಡುತ್ತಿವೆ, ಕೂಡಲೇ ಹೊರಹಾಕಬೇಕು ಎಂದು ಮೂರು ಪುಟದ ಅರ್ಜಿ ಹೋಯಿತು. ಬರೆದವಳು ನಾನು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಮೇಲಿನವರು ಹೊಗಳಿದ್ದರು. ಬೇಲಿ ಬಂತು, ತಂಗಿಗೆ ಕೆಲಸ ಬಂತು, ಹಾಲಿನಮ್ಮ ನನ್ನ ಜೊತೆ ಮಾತು ಬಿಟ್ಟಳು.

ಅವಳ ಕೊಟ್ಟಿಗೆಯ ಮುಂದೆ ನಿಂತಾಗ ಕಾಲು ಒಳಗಿಡಲು ಆಗಲಿಲ್ಲ. ಹಾಲಿನಮ್ಮ ಬಕೆಟ್ಟು ತೊಳೆಯುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಬಗ್ಗಿದಳು.

"ಒಂದು ಸಹಾಯ ಬೇಕಿತ್ತು" ಎಂದೆ.

"ಹಾಲು ಖಾಲಿ."

"ಹಾಲಲ್ಲ. ಒಂದು ಕೂದಲು ಬೇಕು. ಎಮ್ಮೇದು."

ಅವಳು ನೆಟ್ಟಗಾಗಿ ಕೈ ಸೊಂಟಕ್ಕಿಟ್ಟಳು. "ಅರ್ಜಿ ಬರೆದು ಹದಿನಾಲ್ಕು ಎಮ್ಮೇನ ಬೀದಿಗೆ ತಂದ್ರಿ. ಮೇವಿಲ್ಲದೆ ಎಂಟು ಮಾರ್ಕೊಂಡೆ. ಈಗ ಉಳಿದಿರೋವುಗಳ ಕೂದಲಿಗೂ ಬಂದ್ರಾ? ಕಿತ್ಕೊಳ್ಳಿ, ಕಿತ್ಕೊಳ್ಳಿ. ಹಾಳೆಗೆ ಅಂಟಿಸ್ಕೊಳ್ಳಿ."

ತುದಿಯಲ್ಲಿ ಕಟ್ಟಿದ್ದ ಮುದಿ ಎಮ್ಮೆಯ ಕತ್ತಿನಿಂದ ಎರಡು ಕೂದಲು ಕಿತ್ತು, ಕಾಗದದಲ್ಲಿ ಮಡಚಿಕೊಂಡು ಹೊರಟೆ.

ಸೂಕ್ಷ್ಮದರ್ಶಕದ ಕೆಳಗೆ ಹೆಂಟೆಯ ಕೂದಲು, ಎಮ್ಮೆಯ ಕೂದಲು ಎರಡನ್ನೂ ಅಕ್ಕಪಕ್ಕ ಇಟ್ಟೆವು. ಡಾಕ್ಟರ್ ಮೇಡಂ ಬಗ್ಗಿ ನೋಡಿ "ಎರಡೂ ಒಂದೇ" ಎಂದರು. ಆಮೇಲೆ ಮಣ್ಣಜ್ಜನ ಚೀಟಿಯ ಮೇಲಿದ್ದ ತಾರೀಕು ನೋಡಿ, ಗಿಡದ ಮೇಲಿದ್ದ ಹೂ ನೋಡಿ, ಹೆಂಟೆಯ ಬಾಗಿದ ಮಗ್ಗುಲನ್ನು ಬೆರಳಿನಿಂದ ಸವರಿದರು.

"ಇದು ಗೊರಸಿನ ಗುರುತು. ಗಿಡ ಹುಟ್ಟಿರೋದೇ ಗೊರಸಿನ ಗುಂಡಿ ಒಳಗೆ. ಹೂ ಬಿಟ್ಟಾಗಲೂ ಎಮ್ಮೆ ಅಲ್ಲೇ ಓಡಾಡ್ತಿದ್ವು. ಈಗ ಅಲ್ಲಿ ಜೊಂಡು ಎಷ್ಟೆತ್ತರ ಇದೆ?"

"ಎದೆಮಟ್ಟ" ಎಂದೆ.

"ನೋಡಿ ಮತ್ತೆ. ಎಮ್ಮೆ ಜೊಂಡು ತಿಂತಿತ್ತು, ಕೆಸರು ಕಲಕ್ತಿತ್ತು. ನೆಲಕ್ಕೆ ಬಿಸಿಲು ಬೀಳ್ತಿತ್ತು. ಬೀಜ ಅಲ್ಲೇ ಮಲಗಿರಬಹುದು, ಬೆಳಕಿಲ್ದೆ. ಇರಬಹುದು ಅಷ್ಟೇ. ಒಂದು ಹಾಳೆ ನಂಬ್ಕೊಂಡು ಹೇಳ್ತಿದೀನಿ. ಇನ್ನೂ ನಾಕು ಹಾಳೇಲಿ ಹೀಗೇ ಮಣ್ಣಿದ್ದಿದ್ರೆ ಕಣ್ಮುಚ್ಕೊಂಡು ಹೂಂ ಅಂತಿದ್ದೆ. ಉಳಿದ ಹದಿನೆಂಟರ ಮಣ್ಣೆಲ್ಲಿ?"

ಮುಖ ಸುಟ್ಟ ಹಾಗಾಯಿತು. ಆ ಮಣ್ಣು ಬಟ್ಟಲು ಬಟ್ಟಲಾಗಿ ಕಿಟಕಿಯಾಚೆಯ ಮೋರಿಗೆ ಹೋಗಿತ್ತು. ಹದಿನೆಂಟು ಸಾಕ್ಷಿಗಳ ಬಾಯನ್ನು ನಾನೇ ತೊಳೆದು ಮುಚ್ಚಿದ್ದೆ. ಅದಕ್ಕಾಗಿ ಜಂಬ ಬೇರೆ ಪಟ್ಟಿದ್ದೆ. "ನಾನೇ ತೊಳೆದೆ ಮೇಡಂ" ಎಂದೆ.

ತಂಗಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ಕೇಳಿ ಮುಗಿಸುವ ಮೊದಲೇ ಎದ್ದು ನಿಂತಳು.

"ತಲೆ ಕೆಟ್ಟಿದೆಯಾ ನಿಂಗೆ? ಮೂರೇ ಮೂರು ಇವೆ. ಅದರ ಮೇಲೆ ಎಮ್ಮೆ ಹಾಯಿಸ್ತೀಯಾ?"

"ಹದಿನೈದು ದಿನಕ್ಕೆ ಹೇಗೂ ಕುಂಡಕ್ಕೆ ಹೋಗ್ತವೆ."

"ಓಡಿಸು ಅಂದಿದ್ದೂ ನೀನೇ. ಕರೆಸು ಅನ್ನೋದೂ ನೀನೇ. ಒಂದು ಕೂದಲು ಸಿಕ್ತು ಅಂತ!"

"ಮೂರು ಕೂದಲು" ಎಂದೆ. ಅಂಥ ಹೊತ್ತಿನಲ್ಲೂ ಬಾಯಿ ಸುಮ್ಮನಿರುವುದಿಲ್ಲ ನನ್ನದು.

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಕಬ್ಬಿಣದಂಗಡಿಯಿಂದ ಮೂರು ತಂತಿಬುಟ್ಟಿ ಮಾಡಿಸಿಕೊಂಡು ಬಂದಳು. "ಗಿಡದ ಮೇಲೆ ಇದನ್ನ ಕವುಚಿ ಹಾಕ್ತೀನಿ. ಆಮೇಲೆ ಎಮ್ಮೆ ಬರ್ಲಿ" ಎಂದಳು. ಅದು ನನ್ನ ಮಾತಿಗಲ್ಲ ಎಂದು ಗೊತ್ತಿತ್ತು. ಕುಂಡವನ್ನು ನೆನೆಸಿಕೊಂಡು ಒಪ್ಪಿದ್ದಳು.

ಹಾಲಿನಮ್ಮನ ಬಳಿಗೆ ಇಬ್ಬರೂ ಹೋದೆವು. ಈ ಸಲ ಸುತ್ತಿಬಳಸದೆ ಹೇಳಿದೆ, "ಅರ್ಜಿ ಬರೆದಿದ್ದು ತಪ್ಪಾಯ್ತು. ಎಮ್ಮೆ ಇಲ್ದೇ ಹೂವು ಸಾಯ್ತಿದೆ ಅನ್ಸುತ್ತೆ. ನಿಮ್ಮವನ್ನ ಕರ್ಕೊಂಡು ಬನ್ನಿ." ಅವಳು ನಂಬಲಿಲ್ಲ. "ಯಾವ ಹೂವು?" ಎಂದಳು. ಹನ್ನೊಂದು ವರ್ಷ ಅವಳನ್ನು ಬೀದಿಪಾಲು ಮಾಡಿದ ಹೂವನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಎಮ್ಮೆ ಕಾಯುವವರು ಎಮ್ಮೆ ನೋಡುತ್ತಾರೆ, ಉಗುರಿನಷ್ಟು ಹೂ ನೋಡಲು ಅವರಿಗೆಲ್ಲಿ ಪುರುಸೊತ್ತು?

ಕೊನೆಗೆ ಬಿಟ್ಟಿ ಮೇವಿಗೆ ಹಾಲಿನಮ್ಮ ಒಪ್ಪಿದಳು, ಮೇಡಂ ಹೂಂ ಎಂದರು, ಆರು ಎಮ್ಮೆಗಳು ಒಳಗೆ ಹೋದವು. ಮೊದಲ ಐದು ನಿಮಿಷ ಸುಮ್ಮನೆ ನಿಂತು ಮೂಸಿದವು, ಆಮೇಲೆ ಒಮ್ಮೆಲೇ ಜೊಂಡಿಗೆ ಬಾಯಿ ಹಾಕಿದವು. ಅದು ಎಳೆ ಚಿಗುರು ಬರುವ ವಾರ. ಆ ವಾರ ದಾಟಿದರೆ ಜೊಂಡು ಬಲಿತು, ಎಮ್ಮೆಯೂ ಮುಟ್ಟುವುದಿಲ್ಲ. ಹೂ ಬಿಡುವುದೂ ಅದೇ ವಾರ, ಅದೇ ನಮ್ಮ ಸಂಕಟ. ಎರಡನೇ ದಿನ ಒಂದು ಎಮ್ಮೆ ಆರಾಮವಾಗಿ ಬಂದು ತಂತಿಬುಟ್ಟಿಯ ಮೇಲೆ ಕಾಲಿಟ್ಟಿತು. ಬುಟ್ಟಿ ಹಪ್ಪಳವಾಯಿತು. ಮೂರು ಎರಡಾಯಿತು. ತಂಗಿ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ವಾರ ಮುಗಿದಾಗ ಜೌಗು ಉತ್ತ ಹೊಲದಂತಿತ್ತು. ಕರಿ ಕೆಸರು, ಗುಂಡಿ, ಸಗಣಿ. ಡಿಪೋದವರು ಗೋಡೆಯ ಮೇಲಿಂದ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದರು. ಡಾಕ್ಟರ್ ಮೇಡಂಗೆ ನೋಟಿಸು ಬಂತು. "ಒಂದು ವರ್ಷ ಕೊಡಿ" ಎಂದು ಅವರು ಉತ್ತರ ಬರೆದರು. ನನ್ನ ಮುತ್ತಿನಂಥ ಅಕ್ಷರವನ್ನು ಈ ಸಲ ಯಾರೂ ಕೇಳಲಿಲ್ಲ. ಉಳಿದ ಎರಡು ಗಿಡ ಬೀಜ ಚೆಲ್ಲಿ ಒಣಗಿದವು. ಆಮೇಲೆ ಎಣಿಸಲು ಏನೂ ಇರಲಿಲ್ಲ. ತಂಗಿ ಆದರೂ ದಿನವೂ ಹೋಗಿ ಕೋಲಿನ ಮೇಲೆ ನೀರಿನ ಮಟ್ಟ ನೋಡಿ ಬರೆದು ಬರುತ್ತಿದ್ದಳು. ಮನೆಯಲ್ಲಿ ಬೇಕಾದಷ್ಟು ಮಾತಾಡುತ್ತಿದ್ದೆವು, ಹೂವಿನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಅಂಟು ಕಲಸುತ್ತಿದ್ದಾಗ ಫೋನು ಬಂತು.

"ಅಕ್ಕಾ, ಬಾ."

"ಏನಾಯ್ತು?"

"ಬಾ ಅಂದ್ರೆ ಬಾ!"

ಅಂಟು ಹಾಗೇ ಬಿಟ್ಟು ಓಡಿದೆ. ಅಂಟು ಗಟ್ಟಿಯಾಗಿ ಪಾತ್ರೆ ಹಾಳಾಯಿತು, ಇರಲಿ. ಜೌಗಿನಲ್ಲಿ ತಂಗಿ ಹಲಗೆಯ ಮೇಲೆ ಮೊಣಕಾಲೂರಿ ಕೂತಿದ್ದಳು, ಸೀರೆಯೆಲ್ಲ ಕೆಸರು. ಗೊರಸಿನ ಗುಂಡಿಗಳಲ್ಲಿ ಹೂ ಬಿಟ್ಟಿತ್ತು. ಒಂದು ಗುಂಡಿಯಲ್ಲಿ ಒಂದು, ಇನ್ನೊಂದರಲ್ಲಿ ಮೂರು, ಎಮ್ಮೆ ನಡೆದ ದಾರಿಯನ್ನೇ ಹಿಡಿದು ಸಾಲಾಗಿ ನೀಲಿ. ಎಮ್ಮೆ ಕಾಲಿಡದ ಮೂಲೆಯಲ್ಲಿ ಜೊಂಡು ಬಿಟ್ಟರೆ ಏನೂ ಇಲ್ಲ. "ಅರವತ್ತೆರಡು" ಎಂದಳು. ಮತ್ತೆ ಎಣಿಸಿ, "ಅರವತ್ನಾಲ್ಕು" ಎಂದಳು. ಹನ್ನೊಂದು ವರ್ಷ ಅವು ಅವಳ ಪಾದದ ಅಡಿಯಲ್ಲೇ ಮಲಗಿದ್ದವು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಚೆನ್ನಾಗಿ ಅತ್ತೆವು.

ಸುದ್ದಿ ಕೇಳಿ ಹಾಲಿನಮ್ಮನೂ ಬಂದಳು. ಮೊದಲ ದಿನ ಬೇಲಿಯಾಚೆ ನಿಂತು "ಇಷ್ಟೇನಾ?" ಎಂದು ಮೂಗು ಮುರಿದಳು. ಎರಡನೇ ದಿನ ಹಾಲು ಹಾಕಿ ಬರುವಾಗ ಒಳಗೆ ಬಂದು ಹಲಗೆಯ ಮೇಲೆ ಕೂತು, ಬಿಸಿಲು ನೆಲಕ್ಕೆ ಇಳಿದು ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನೋಡಿದಳು. ಆಮೇಲೆ ದಿನವೂ ಬಂದಳು.

ಆದರೆ ಜೊಂಡಿಗೂ ಚಿಗುರು ಬಂದಿತ್ತು. ಡಾಕ್ಟರ್ ಮೇಡಂ ಬಂದು ನೋಡಿ, "ಎಮ್ಮೆ ಈ ವಾರವೇ ಬಿಡ್ಬೇಕು. ತಪ್ಪಿದ್ರೆ ಜೊಂಡು ಮುಚ್ಕೊಳ್ಳುತ್ತೆ, ಮುಂದಿನ ವರ್ಷ ಹತ್ತೂ ಇರಲ್ಲ. ಬುಟ್ಟಿ ಗಿಟ್ಟಿ ಬೇಡ, ಬೇಕಾದಷ್ಟು ಗಿಡ ಉಳೀತವೆ" ಎಂದು ಹೇಳಿ ಹೋದರು. ಹೇಳುವುದು ಸುಲಭ.

ಮರುದಿನ ಬೆಳಿಗ್ಗೆ ಆರು ಎಮ್ಮೆಗಳು ಗೇಟಿನ ತನಕ ಬಂದು ನಿಂತವು. ಹಾಲಿನಮ್ಮ ಮುಂದಿನ ಎಮ್ಮೆಯ ಹಗ್ಗ ಹಿಡಿದು, ಗೇಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ನಾ ಬಿಡಲ್ಲ" ಎಂದಳು.

"ಯಾಕ್ರೀ?" ಎಂದೆ.

"ಅರಳಿ ನಿಂತಿವೆ. ಕಣ್ಣಾರೆ ನೋಡ್ತಾ ನೋಡ್ತಾ ಹೇಗ್ರೀ ತುಳಿಸೋದು? ಇನ್ನೆಂಟು ದಿನ ಹೋಗ್ಲಿ. ನಾನು ಬೇರೆ ಕಡೆಯಿಂದ ಮೇವು ತರ್ತೀನಿ."

ಹನ್ನೆರಡು ವರ್ಷದ ಹಿಂದೆ ನಾನು ಮೂರು ಪುಟದಲ್ಲಿ ಬರೆದದ್ದನ್ನು ಅವಳು ನಾಲ್ಕು ಮಾತಿನಲ್ಲಿ ಹೇಳಿದ್ದಳು. ಚಿಗುರು, ಬೆಳಕು, ಬೀಜ ಎಂದು ವಿವರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ ನನ್ನನ್ನು ದಾಟಿಕೊಂಡು ಮುಂದೆ ಹೋದಳು. ಹಾಲಿನಮ್ಮನ ಕೈಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡಳು, ಗೇಟಿನ ಒಂದು ರೆಕ್ಕೆ ತೆಗೆದಳು, ಎಮ್ಮೆಯ ಹಿಂದೆ ಹೋಗಿ ಅದರ ಬೆನ್ನಿಗೆ ಎರಡೂ ಅಂಗೈ ಊರಿದಳು.

"ನಡೀ ತಾಯಿ" ಎಂದಳು.

ಎಮ್ಮೆ ಕೆಸರಿಗೆ ಕಾಲಿಟ್ಟಿತು. ಹಿಂದೆಯೇ ಎರಡನೆಯದು. ಗೇಟಿನ ಕಂಬ ಹಿಡಿದುಕೊಂಡು ತಂಗಿ ಎಮ್ಮೆಗಳ ಕಾಲುಗಳನ್ನೇ ನೋಡುತ್ತಾ, ಅಡಿಗೆ ಸಿಕ್ಕಿದ ಒಂದೊಂದು ಹೂವನ್ನೂ ಬಾಯಿಬಿಟ್ಟು ಎಣಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಹಾಲಿನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏಳಕ್ಕೆ ಬಂದಾಗ ತಂಗಿ ಎಣಿಸುವುದನ್ನು ನಿಲ್ಲಿಸಿ, ಗೇಟಿನ ಇನ್ನೊಂದು ರೆಕ್ಕೆಯನ್ನೂ ತೆಗೆದಳು.